ಉಪಕಾರವನ್ನು ಅರಿಯುವ ವಯಸ್ಸು

ಮನುಷ್ಯನ ಆಯುಷ್ಯದಲ್ಲಿ ನಲವತ್ತೈದರಿಂದ ಅರವತ್ತರವರೆಗಿನ ಅವಧಿಯನ್ನು ನಾವು ಸಾಮಾನ್ಯವಾಗಿ ಭಾರ ಹೊರುವ ಕಾಲವೆಂದೇ ಭಾವಿಸುತ್ತೇವೆ. ಮಕ್ಕಳ ಓದು, ಅವರ ಮದುವೆ, ಮನೆ ಕಟ್ಟಿದ ಸಾಲ, ಹಾಸಿಗೆ ಹಿಡಿದ ತಂದೆತಾಯಿ, ತನ್ನ ದೇಹದಲ್ಲಿಯೇ ಸದ್ದಿಲ್ಲದೆ ನೆಲೆಮಾಡಿದ ಸಕ್ಕರೆ ಕಾಯಿಲೆ, ಇವೆಲ್ಲವೂ ಒಟ್ಟಿಗೆ ಬಾಗಿಲು ತಟ್ಟುವ ಕಾಲವದು. ಈ ವಯಸ್ಸಿನವರನ್ನು ಕ್ಷೇಮವೇ ಎಂದು ಕೇಳಿದರೆ ಮೊದಲು ಕೇಳಿಬರುವುದು ಇಲ್ಲದುದರ ಪಟ್ಟಿ: ಬಾರದ ಬಡ್ತಿ, ದೊರೆಯದ ನಿವೇಶನ, ಹೇಳಿದ ಮಾತು ಕೇಳದ ಮಗ. ಇರುವುದರ ಪಟ್ಟಿಯನ್ನು ಓದಿ ಹೇಳುವವರು ವಿರಳ.

ಆದರೂ ಬೇರಾವ ವಯಸ್ಸಿಗೂ ಇಲ್ಲದ ಒಂದು ಭಾಗ್ಯ ಈ ನಡುವಯಸ್ಸಿಗಿದೆ. ನಮಗೆ ಉಪಕಾರ ಮಾಡಿದ ಹಿರಿಯರಲ್ಲಿ ಕೆಲವರಾದರೂ ಇನ್ನೂ ನಮ್ಮ ನಡುವೆ ಇರುತ್ತಾರೆ. ನಮ್ಮಿಂದ ಉಪಕಾರ ಪಡೆಯಬೇಕಾದ ಕಿರಿಯರು ಆಗಲೇ ಎದುರಿಗೆ ನಿಂತಿರುತ್ತಾರೆ. ಕೊಡುವುದಕ್ಕೆ ಕೈಯಲ್ಲಿ ಒಂದಿಷ್ಟು ಬಲವೂ ಗಳಿಕೆಯೂ ಇರುತ್ತದೆ. ಬಾಲ್ಯದಲ್ಲಿ ಪಡೆಯುತ್ತೇವೆ, ಆದರೆ ಪಡೆಯುತ್ತಿದ್ದೇವೆಂಬ ಅರಿವು ಇರುವುದಿಲ್ಲ. ಮುಪ್ಪಿನಲ್ಲಿ ಅರಿವು ಬರುತ್ತದೆ, ಆದರೆ ಉಪಕಾರ ಮಾಡಿದವರು ಆ ಹೊತ್ತಿಗೆ ಹೊರಟುಹೋಗಿರುತ್ತಾರೆ. ಎರಡೂ ಕೂಡಿಬರುವ ಕಾಲ ಇದೊಂದೇ. ಇದು ಜಾರಿದರೆ ಮತ್ತೆ ಒದಗುವುದಿಲ್ಲ.

ಶಹಾಪುರದ ಬೆಟ್ಟಗಳನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ದೂರದ ಒಂದು ಕೋನದಿಂದ ನೋಡಿದಾಗ ಬೆಟ್ಟಗಳ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲವೂ ಸ್ಪಷ್ಟ. ಹತ್ತಿರ ಹೋದರೆ ಬಂಡೆ ಮತ್ತು ಕುರುಚಲು ಗಿಡ ಮಾತ್ರ. ಬದುಕಿನಲ್ಲಿ ಪಡೆದ ಉಪಕಾರಗಳೂ ಹೀಗೆಯೇ. ಹತ್ತಿರವಿದ್ದಾಗ ಅವು ನಿತ್ಯದ ಸಾಮಾನ್ಯ ಸಂಗತಿಗಳು. ಸ್ವಲ್ಪ ದಾರಿ ನಡೆದು ತಿರುಗಿ ನೋಡಿದಾಗಲೇ ಅವುಗಳ ಆಕಾರ ತಿಳಿಯುವುದು. ನಡುವಯಸ್ಸು ಅಂಥ ಒಂದು ದೂರವನ್ನು ನಮಗೆ ಒದಗಿಸುತ್ತದೆ.

ಕೈ ಮುಗಿಯುವುದು ಯಾರಿಗೆ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ಐವತ್ತರ ಸಮೀಪದಲ್ಲಿರುವವರು, ಒಮ್ಮೆ ಯಾದಗಿರಿಯ ರೈಲು ನಿಲ್ದಾಣದಲ್ಲಿ ಭೇಟಿಯಾದಾಗ ಕೇಳಿದ ಪ್ರಶ್ನೆ ನೇರವಾಗಿತ್ತು: “ಸರ್, ನಿಮ್ಮ ಧರ್ಮದಾಗ ಕೊಡೋ ದೇವರು ಇಲ್ಲ ಅಂತೀರಿ. ಮಕ್ಕಳು ಚೆಂದ ಅದಾರ, ಮನಿ ಆಗ್ಯದ, ಆರೋಗ್ಯ ಅದ. ಹಂಗಾದ್ರ ಕೈ ಮುಗಿಯೋದು ಯಾರಿಗ್ರಿ?”

ಪ್ರಶ್ನೆ ಯೋಗ್ಯವಾದುದು. ಜಗತ್ತನ್ನು ಸೃಷ್ಟಿಸಿ, ಸುಖದುಃಖಗಳನ್ನು ಹಂಚುವ ಕರ್ತೃವೊಬ್ಬನನ್ನು ಜೈನದರ್ಶನ ಒಪ್ಪುವುದಿಲ್ಲ. ಜಿನೇಶ್ವರರು ವೀತರಾಗರು; ಪೂಜಿಸಿದವರಿಗೆ ಒಲಿದು ಕೊಡುವುದೂ ಇಲ್ಲ, ನಿಂದಿಸಿದವರಿಗೆ ಮುನಿದು ಕಸಿಯುವುದೂ ಇಲ್ಲ. ಹಾಗಿದ್ದ ಮೇಲೆ ಬಸದಿಯಲ್ಲಿ ನಿಂತು ನಾವು ಸಲ್ಲಿಸುವ ವಂದನೆಗೆ ಅರ್ಥವೇನು?

ಉತ್ತರ ಪಂಚನಮಸ್ಕಾರ ಮಂತ್ರದ ಕ್ರಮದಲ್ಲಿಯೇ ಇದೆ. ಅರಿಹಂತರು, ಸಿದ್ಧರು, ಆಚಾರ್ಯರು, ಉಪಾಧ್ಯಾಯರು, ಲೋಕದ ಸಕಲ ಸಾಧುಗಳು, ಈ ಐವರಿಗೆ ಅಲ್ಲಿ ನಮಸ್ಕಾರವಿದೆ. ಯಾವ ವ್ಯಕ್ತಿಯ ಹೆಸರೂ ಇಲ್ಲ, ಯಾವ ಬೇಡಿಕೆಯೂ ಇಲ್ಲ. ಇಲ್ಲಿ ಸೂಕ್ಷ್ಮವೊಂದನ್ನು ಗಮನಿಸಬೇಕು. ಸಿದ್ಧರು ಎಂಟೂ ಕರ್ಮಗಳನ್ನು ಕಳೆದುಕೊಂಡವರು. ಅರಿಹಂತರಲ್ಲಿ ಇನ್ನೂ ನಾಲ್ಕು ಅಘಾತಿ ಕರ್ಮಗಳು ಉಳಿದಿವೆ. ಪದವಿಯ ಲೆಕ್ಕದಲ್ಲಿ ಸಿದ್ಧರೇ ಮೇಲು. ಆದರೂ ಮೊದಲ ನಮಸ್ಕಾರ ಅರಿಹಂತರಿಗೆ ಸಲ್ಲುತ್ತದೆ. ಏಕೆಂದರೆ ಧರ್ಮವನ್ನು ಉಪದೇಶಿಸಿದವರು ಅರಿಹಂತರು. ಸಿದ್ಧರೆಂಬವರಿದ್ದಾರೆ ಎಂಬುದನ್ನು ನಮಗೆ ತಿಳಿಸಿದವರೂ ಅವರೇ. ಆಚಾರ್ಯ ವೀರಸೇನರಂಥ ಹಿರಿಯರು ಈ ಪ್ರಶ್ನೆಯನ್ನೆತ್ತಿ ಹೀಗೆಯೇ ಸಮಾಧಾನ ಹೇಳಿದ್ದಾರೆ. ಶ್ರೇಷ್ಠತೆಗಿಂತ ಉಪಕಾರವನ್ನು ಮುಂದಿಟ್ಟು ನಮಸ್ಕರಿಸುವುದನ್ನು ನಮ್ಮ ಮೂಲಮಂತ್ರವೇ ಕಲಿಸಿದೆ. ಪ್ರತಿದಿನ ಅದನ್ನು ಹೇಳುವ ಶ್ರಾವಕನು ತನಗೆ ಅರಿವಿಲ್ಲದೆಯೇ ಕೃತಜ್ಞತೆಯ ಪಾಠವನ್ನು ಹೇಳುತ್ತಿರುತ್ತಾನೆ.

ಪದದ ಅರ್ಥವೂ ಇದನ್ನೇ ಸೂಚಿಸುತ್ತದೆ. ‘ಕೃತ’ವೆಂದರೆ ಮಾಡಿದ್ದು, ‘ಜ್ಞ’ ಎಂದರೆ ಬಲ್ಲವನು. ತನಗಾಗಿ ಮಾಡಲ್ಪಟ್ಟುದನ್ನು ತಿಳಿದವನು ಕೃತಜ್ಞ. ಆದುದರಿಂದ ಕೃತಜ್ಞತೆ ಮೊದಲಿಗೆ ಒಂದು ಜ್ಞಾನ. ಬಾಯಿಮಾತಿನ ಧನ್ಯವಾದ ಅದರ ನಂತರದ್ದು.

ತತ್ತ್ವಾರ್ಥಸೂತ್ರದ ಉಪಕಾರ ಪ್ರಕರಣ

ಆಚಾರ್ಯ ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ ಜೈನರ ಎಲ್ಲ ಪಂಥಗಳಿಗೂ ಮಾನ್ಯವಾದ ಗ್ರಂಥ. ಅದರ ಐದನೆಯ ಅಧ್ಯಾಯದಲ್ಲಿ ಆರು ದ್ರವ್ಯಗಳ ವಿವೇಚನೆ ಬರುತ್ತದೆ. ಅಲ್ಲಿ ಸೂತ್ರಕಾರರು ಪ್ರತಿಯೊಂದು ದ್ರವ್ಯದ ಕಾರ್ಯವನ್ನು ‘ಉಪಕಾರ’ವೆಂಬ ಶಬ್ದದಿಂದಲೇ ಹೇಳುತ್ತಾರೆ. ಚಲಿಸುವುದಕ್ಕೆ ನೆರವಾಗುವುದು ಧರ್ಮದ್ರವ್ಯದ ಉಪಕಾರ. ನಿಲ್ಲುವುದಕ್ಕೆ ನೆರವಾಗುವುದು ಅಧರ್ಮದ್ರವ್ಯದ ಉಪಕಾರ. ಎಡೆ ಕೊಡುವುದು ಆಕಾಶದ ಉಪಕಾರ. ಶರೀರ, ಮಾತು, ಮನಸ್ಸು, ಉಸಿರು ಇವು ಪುದ್ಗಲದ ಉಪಕಾರ. ಬದಲಾವಣೆಗೆ ಆಸರೆಯಾಗುವುದು ಕಾಲದ ಉಪಕಾರ.

ಈ ಪಟ್ಟಿಯ ನಡುವೆ ಓದುಗನನ್ನು ನಿಲ್ಲಿಸುವ ಒಂದು ಮಾತಿದೆ. ಪುದ್ಗಲದ ಉಪಕಾರಗಳನ್ನು ಹೇಳುವಾಗ ಸುಖ ಮತ್ತು ಜೀವಿತದ ಜೊತೆಗೆ ದುಃಖ ಮತ್ತು ಮರಣಗಳನ್ನೂ ಸೂತ್ರಕಾರರು ಸೇರಿಸಿದ್ದಾರೆ. ದುಃಖವೂ ಉಪಕಾರವೇ? ಇಲ್ಲಿ ಉಪಕಾರವೆಂದರೆ ನಿಮಿತ್ತವಾಗಿ ಒದಗುವುದು ಎಂದು ಶಾಸ್ತ್ರದ ಅರ್ಥ. ದುಃಖ ಒಳ್ಳೆಯದೆಂದು ಯಾರೂ ಹೇಳಿಲ್ಲ. ಆದರೂ ನಡುವಯಸ್ಸು ದಾಟಿದವರು ತಮ್ಮ ಅನುಭವದಿಂದ ಈ ಮಾತಿಗೆ ಇನ್ನೊಂದು ಅರ್ಥವನ್ನು ಕಂಡುಕೊಳ್ಳಬಲ್ಲರು. ಒಂದು ಕಾಯಿಲೆ ಬಂದು ಹೋದ ಮೇಲೆ ಉಸಿರಿನ ಬೆಲೆ ತಿಳಿದವರಿದ್ದಾರೆ. ತಂದೆಯ ಮರಣದ ಅನಂತರವೇ ಅಣ್ಣತಮ್ಮಂದಿರ ನಡುವಿನ ಹಗೆ ಕರಗಿದ ಮನೆಗಳಿವೆ. ದುಃಖವನ್ನು ಬಯಸಬೇಕಾಗಿಲ್ಲ, ಅದು ತೆರೆದ ಕಣ್ಣನ್ನು ಮತ್ತೆ ಮುಚ್ಚಿಕೊಳ್ಳದಿದ್ದರೆ ಸಾಕು.

ಇದೇ ಅಧ್ಯಾಯದಲ್ಲಿ ಜೀವದ್ರವ್ಯದ ಕಾರ್ಯವನ್ನು ಹೇಳುವ ಸೂತ್ರ ಬರುತ್ತದೆ. ಜೀವಿಗಳು ಒಂದಕ್ಕೊಂದು ಒದಗಿಬರುವುದೇ ಜೀವಿಗಳ ಉಪಕಾರ ಎಂಬುದು ಅದರ ತಾತ್ಪರ್ಯ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1974ರಲ್ಲಿ, ಎಲ್ಲ ಪಂಥಗಳೂ ಕೂಡಿ ಒಪ್ಪಿದ ಜೈನ ಲಾಂಛನದ ಅಡಿಯಲ್ಲಿ ಬರೆದಿರುವುದು ಈ ಸೂತ್ರವನ್ನೇ.

ಕನ್ನಡ ನಾಡಿನವರೇ ಆದ ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ ವ್ಯಾಖ್ಯಾನದಲ್ಲಿ ಇದಕ್ಕೆ ಸರಳ ನಿದರ್ಶನಗಳನ್ನು ಕೊಡುತ್ತಾರೆ. ಒಡೆಯನು ಸೇವಕನಿಗೆ ಧನ ಕೊಟ್ಟು ಉಪಕರಿಸುತ್ತಾನೆ. ಸೇವಕನು ಹಿತವನ್ನು ಮಾಡಿ, ಅಹಿತವನ್ನು ತಪ್ಪಿಸಿ ಒಡೆಯನಿಗೆ ಉಪಕರಿಸುತ್ತಾನೆ. ಗುರು ಹಿತವನ್ನು ಬೋಧಿಸಿ ಶಿಷ್ಯನಿಗೆ ಉಪಕರಿಸುತ್ತಾನೆ. ಶಿಷ್ಯನು ಬೋಧನೆಯಂತೆ ನಡೆದು ಗುರುವಿಗೆ ಉಪಕರಿಸುತ್ತಾನೆ. ಇಲ್ಲಿ ಯಾರೂ ಕೇವಲ ದಾತರಲ್ಲ, ಯಾರೂ ಕೇವಲ ಗ್ರಾಹಕರಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತ ನನ್ನಂಥವನಿಗೆ ಇದು ಬರಿಯ ಶಾಸ್ತ್ರವಾಕ್ಯವಲ್ಲ. ಮಕ್ಕಳು ಕೇಳಿದ ಪ್ರಶ್ನೆಗಳೇ ನನ್ನನ್ನು ಓದಿಗೆ ಹಚ್ಚಿದವು. ಅವರ ಹಾಜರಿಯಿಂದಲೇ ನನ್ನ ಮನೆಯ ಒಲೆ ಉರಿಯಿತು.

ಒಂದು ರೊಟ್ಟಿಯ ಹಿಂದಿನ ಜೀವಿಗಳು

ಈ ಸೂತ್ರವನ್ನು ನಮ್ಮ ಊರುಗಳಿಗೆ ಅನ್ವಯಿಸಿ ನೋಡೋಣ. ಯಾದಗಿರಿಯ ಮನೆಯೊಂದರಲ್ಲಿ ರಾತ್ರಿಗೆ ಮುನ್ನ ತಟ್ಟೆಗೆ ಬಂದ ಜೋಳದ ರೊಟ್ಟಿ, ತೊಗರಿಬೇಳೆಯ ಹಿಂದೆ ಎಷ್ಟು ಜೀವಿಗಳಿವೆ? ಎರೆಭೂಮಿಯನ್ನು ಹಸನು ಮಾಡಿದ ರೈತ, ಕಳೆ ತೆಗೆದ ಹೆಣ್ಣುಮಕ್ಕಳು, ನೊಗಕ್ಕೆ ಹೆಗಲು ಕೊಟ್ಟ ಎತ್ತು, ರಾಶಿ ಮಾಡಿದವರು, ಚೀಲ ಹೊತ್ತ ಹಮಾಲರು, ಗಿರಣಿಯವನು, ಕೊನೆಯಲ್ಲಿ ಹೆಂಚಿನ ಮುಂದೆ ಕುಳಿತು ಕೈ ಸುಟ್ಟುಕೊಂಡ ತಾಯಿ ಅಥವಾ ಹೆಂಡತಿ. ಜೈನದೃಷ್ಟಿ ಇಲ್ಲಿಗೆ ನಿಲ್ಲುವುದಿಲ್ಲ. ಮಣ್ಣು, ನೀರು, ಬೆಂಕಿ, ಗಾಳಿ, ಸಸ್ಯಗಳಲ್ಲಿಯೂ ಏಕೇಂದ್ರಿಯ ಜೀವಿಗಳಿವೆಯೆಂದು ಅದು ಹೇಳುತ್ತದೆ. ಅವುಗಳ ನಷ್ಟವಿಲ್ಲದೆ ಒಂದು ತುತ್ತೂ ಬಾಯಿಗೆ ಬರುವುದಿಲ್ಲ. ಅನ್ನವನ್ನು ಚೆಲ್ಲಬಾರದೆಂಬ ನಮ್ಮ ಹಿರಿಯರ ಕಟ್ಟುನಿಟ್ಟಿನ ಬೇರು ಇಲ್ಲಿದೆ.

ಕೃಷ್ಣೆಯ ನೀರಿನ ಮಾತನ್ನೇ ತೆಗೆದುಕೊಳ್ಳೋಣ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಎಷ್ಟೋ ಹೊಲಗಳ ಬದುಕನ್ನೇ ಬದಲಿಸಿತು. ಮಳೆಯನ್ನೇ ನಂಬಿದ್ದ ನೆಲದಲ್ಲಿ ಭತ್ತದ ಗದ್ದೆಗಳೆದ್ದವು. ಇಂದು ನಡುವಯಸ್ಸಿನಲ್ಲಿರುವ ಅನೇಕರ ಓದು, ಮನೆ, ಮಕ್ಕಳ ಕಾಲೇಜು ಎಲ್ಲವೂ ಆ ನೀರಿನಿಂದ ಬಂದವು. ಆದರೆ ಆ ನೀರು ನಿಲ್ಲುವುದಕ್ಕೆ ತಲೆತಲಾಂತರದ ಹೊಲಮನೆಗಳನ್ನು ಬಿಟ್ಟು ಎದ್ದುಹೋದ ನದಿದಡದ ಕುಟುಂಬಗಳಿವೆ. ಅವರ ಹೆಸರು ನಮಗೆ ಗೊತ್ತಿಲ್ಲ. ನಮ್ಮ ಹೆಸರು ಅವರಿಗೆ ಗೊತ್ತಿಲ್ಲ. ಒಬ್ಬರ ಸೌಭಾಗ್ಯ ಇನ್ನೊಬ್ಬರ ತ್ಯಾಗದ ಮೇಲೆ ನಿಂತಿರುವುದನ್ನು ಅರಿಯದೆ ಮಾಡುವ ಕೃತಜ್ಞತೆ ಅರೆಬರೆಯದು. ಕಾಲುವೆಯ ತುದಿಯ ಹೊಲದವನಿಗೂ ನೀರು ತಲುಪಲಿ ಎಂದು ಮೇಲಿನ ಹೊಲದವನು ತನ್ನ ತೂಬನ್ನು ಹೊತ್ತಿಗೆ ಸರಿಯಾಗಿ ಮುಚ್ಚಿದರೆ, ಅದು ಆ ಅರಿವಿನ ಮೊದಲ ಫಲ.

ಸುರಪುರದ ಸಮೀಪದ ಬೋನಾಳ ಕೆರೆ ನಾಯಕ ಅರಸರ ಕಾಲದ್ದು. ಅದನ್ನು ಕಟ್ಟಿಸಿದವರಿಗೆ ಊರಿಗೆ ನೀರಾಗಲಿ ಎಂಬ ಉದ್ದೇಶವಿದ್ದಿರಬೇಕು. ಇಂದು ಅದು ಪಕ್ಷಿಧಾಮ; ಚಳಿಗಾಲದಲ್ಲಿ ದೂರದೂರದಿಂದ ಬರುವ ಹಕ್ಕಿಗಳಿಗೆ ತಂಗುದಾಣ. ಮಾಡಿದ ಒಳಿತು ಯಾವ ಜೀವಿಗೆ, ಯಾವ ಕಾಲದಲ್ಲಿ ಮುಟ್ಟುತ್ತದೆಯೆಂಬುದನ್ನು ಮಾಡಿದವರೂ ತಿಳಿಯಲಾರರು. ನಾವು ಉಣ್ಣುವ ಉಪಕಾರಗಳಲ್ಲಿ ಹೆಚ್ಚಿನವು ಇಂಥವೇ. ಕೊಟ್ಟವರಿಗೆ ಹಿಂದಿರುಗಿಸುವುದು ಅಸಾಧ್ಯ. ಮುಂದಿನವರಿಗೆ ದಾಟಿಸುವುದು ಮಾತ್ರ ಸಾಧ್ಯ.

ಪುಣ್ಯದ ಫಲವೆಂಬ ಬಿಗುಮಾನ

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸುಖವು ಸಾತಾವೇದನೀಯ ಕರ್ಮದ ಉದಯದಿಂದ ಬರುತ್ತದೆ; ಅದು ನಾನೇ ಹಿಂದೆ ಗಳಿಸಿದ ಪುಣ್ಯ. ನನ್ನ ಗಂಟಿನ ಹಣವನ್ನು ನಾನು ಉಣ್ಣುವಾಗ ಬೇರೊಬ್ಬರ ಉಪಕಾರವೆಲ್ಲಿಂದ ಬಂತು?

ಕರ್ಮಸಿದ್ಧಾಂತವನ್ನು ಅರ್ಧ ಓದಿದವರಿಗೆ ಈ ಮಾತು ಸರಿಯೆನಿಸುತ್ತದೆ. ಶಾಸ್ತ್ರಕಾರರು ಉಪಾದಾನ ಮತ್ತು ನಿಮಿತ್ತವೆಂದು ಎರಡು ಕಾರಣಗಳನ್ನು ಹೇಳುತ್ತಾರೆ. ಮಡಕೆಗೆ ಮಣ್ಣು ಉಪಾದಾನ. ಕುಂಬಾರ, ತಿಗರಿ, ನೀರು ನಿಮಿತ್ತ. ಫಲಿಸುವ ಯೋಗ್ಯತೆ ನಮ್ಮದಾದರೂ ಅದು ಫಲಿಸುವುದು ಇತರ ಜೀವಿಗಳ ಮೂಲಕ. ವೈದ್ಯನ ಕೈಯಿಂದ ಆರೋಗ್ಯ, ಶಿಕ್ಷಕನ ಬಾಯಿಂದ ವಿದ್ಯೆ, ನೆರೆಯವನ ಸಜ್ಜನಿಕೆಯಿಂದ ನೆಮ್ಮದಿಯ ನಿದ್ದೆ. ಮೇಲಾಗಿ ಪುಣ್ಯವೂ ಒಂದು ಬಂಧನವೇ. ಆಚಾರ್ಯ ಕುಂದಕುಂದರು ಸಮಯಸಾರದಲ್ಲಿ ಪಾಪವನ್ನು ಕಬ್ಬಿಣದ ಸಂಕೋಲೆಗೂ ಪುಣ್ಯವನ್ನು ಚಿನ್ನದ ಸಂಕೋಲೆಗೂ ಹೋಲಿಸಿದ್ದಾರೆ. ಸಂಕೋಲೆ ಚಿನ್ನದ್ದೆಂದು ಬೀಗುವವನನ್ನು ಏನೆನ್ನಬೇಕು? ಅನುಭವಿಸಿದಷ್ಟೂ ಪುಣ್ಯ ಕರಗುತ್ತಿರುತ್ತದೆ ಎಂಬುದೂ ಲೆಕ್ಕ ಬಲ್ಲ ಗೃಹಸ್ಥನಿಗೆ ತಿಳಿಯದ ಮಾತಲ್ಲ.

ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಎಣಿಸಿದ್ದಾರೆ. ಜ್ಞಾನ, ಮನ್ನಣೆ, ಕುಲ, ಜಾತಿ, ಬಲ, ಸಂಪತ್ತು, ತಪಸ್ಸು, ದೇಹ ಇವುಗಳನ್ನು ಆಶ್ರಯಿಸಿ ಹುಟ್ಟುವ ಗರ್ವವೇ ಮದ. ಈ ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ನಡುವಯಸ್ಸಿನ ಗೃಹಸ್ಥನು ತನ್ನ ಭಾಗ್ಯಗಳೆಂದು ಹೇಳಿಕೊಳ್ಳುವ ಸಂಗತಿಗಳೆಲ್ಲ ಇದರಲ್ಲಿವೆ. ಓದಿದ್ದೇನೆ, ಊರಲ್ಲಿ ನಾಲ್ಕು ಜನ ಗೌರವಿಸುತ್ತಾರೆ, ಒಳ್ಳೆಯ ಮನೆತನ, ಕೈಕಾಲು ಗಟ್ಟಿಯಿವೆ, ಉಣ್ಣಲು ಇದೆ. ವಸ್ತು ಒಂದೇ. ಹಿಂದಿರುವ ಉಪಕಾರವನ್ನು ಮರೆತರೆ ಅದು ಮದವಾಗುತ್ತದೆ, ನೆನೆದರೆ ಕೃತಜ್ಞತೆಯಾಗುತ್ತದೆ. ಮದ ಸಮ್ಯಗ್ದರ್ಶನವನ್ನು ಮಲಿನಗೊಳಿಸುತ್ತದೆ ಎಂದು ಶಾಸ್ತ್ರ ಹೇಳುವುದರಿಂದ, ಕೃತಜ್ಞತೆ ಕೇವಲ ಸಭ್ಯತೆಯ ಮಾತಾಗಿ ಉಳಿಯುವುದಿಲ್ಲ. ಮೋಕ್ಷಮಾರ್ಗದ ಮೊದಲ ಮೆಟ್ಟಿಲೇ ಅದರ ಮೇಲೆ ನಿಂತಿದೆ.

ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಹನ್ನೊಂದನೆಯದಾದ ಬೋಧಿದುರ್ಲಭ ಭಾವನೆ ಇದಕ್ಕೆ ಮದ್ದು. ಏಕೇಂದ್ರಿಯದಿಂದ ಮೇಲೇರಿ ಪಂಚೇಂದ್ರಿಯವಾಗುವುದು ಕಷ್ಟ. ಅದರಲ್ಲಿ ಮನುಷ್ಯಜನ್ಮ, ಪೂರ್ಣ ಅಂಗಗಳು, ಆರೋಗ್ಯ, ಒಳ್ಳೆಯ ಮಾತು ಕೇಳುವ ಅವಕಾಶ, ಕೇಳಿದ್ದನ್ನು ನಂಬುವ ಮನಸ್ಸು ಒಂದಕ್ಕಿಂತ ಒಂದು ದುರ್ಲಭ. ಕಳೆದುಕೊಂಡ ಮನುಷ್ಯಜನ್ಮವನ್ನು ಮರಳಿ ಪಡೆಯುವುದು, ಸುಟ್ಟುಹೋದ ಮರದ ಪರಮಾಣುಗಳು ಮತ್ತೆ ಅದೇ ಮರವಾಗುವಷ್ಟು ಕಠಿಣವೆಂದು ಪೂಜ್ಯಪಾದರು ಹೋಲಿಕೆ ಕೊಡುತ್ತಾರೆ. ಹೀಗೆ ನೋಡಿದವನಿಗೆ ಮುಂಜಾನೆ ಎದ್ದು ಕಣ್ಣು ಬಿಡುವುದೇ ಒಂದು ಭಾಗ್ಯ.

ಅರ್ಧಕ್ಕೆ ನಿಂತುದನ್ನು ಪೂರೈಸಿದವರು

ಕೃತಜ್ಞತೆ ಆಚರಣೆಗೆ ಇಳಿದರೆ ಹೇಗಿರುತ್ತದೆಂಬುದಕ್ಕೆ ನಾವು ದೂರದ ಉದಾಹರಣೆ ಹುಡುಕಬೇಕಿಲ್ಲ. ಯಾದಗಿರಿಯ ಕೋಟೆಬೆಟ್ಟದಲ್ಲಿ ಬಂಡೆಯ ಮೇಲೆ ಮೂಡಿದ ತೀರ್ಥಂಕರ ಮೂರ್ತಿಗಳಿವೆ. ನೆರೆಯ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕಾಗಿಣಾ ನದಿಯ ದಡದ ಈ ಊರಿನಿಂದ ಆಳಿದ ಅಮೋಘವರ್ಷ ನೃಪತುಂಗನು 814ರಲ್ಲಿ ಇನ್ನೂ ಬಾಲಕನಾಗಿದ್ದಾಗ ಪಟ್ಟಕ್ಕೆ ಬಂದವನು. ಬಂಡಾಯವೆದ್ದು ಸಿಂಹಾಸನ ಅಲುಗಿದಾಗ ಅದನ್ನು ಉಳಿಸಿಕೊಟ್ಟವನು ಗುಜರಾತ್ ಶಾಖೆಯ ಬಂಧು ಕರ್ಕ. ಮುಂದೆ ಆರು ದಶಕಗಳಿಗೂ ಮೀರಿ ಆಳಿದ ಈ ಚಕ್ರವರ್ತಿ ತಲೆಬಾಗಿದ್ದು ಆಚಾರ್ಯ ಜಿನಸೇನರ ಪಾದಗಳಿಗೆ. ಗುರುವಿಗೆ ನಮಸ್ಕರಿಸಿದಾಗ ತಾನು ಪಾವನನಾದೆನೆಂದು ಅರಸನು ಭಾವಿಸುತ್ತಿದ್ದನೆಂಬುದನ್ನು ಜಿನಸೇನರ ಶಿಷ್ಯ ಗುಣಭದ್ರರು ದಾಖಲಿಸಿದ್ದಾರೆ.

ಆ ಗುರುಪರಂಪರೆಯ ಕಥೆ ಇನ್ನೂ ದೊಡ್ಡದು. ಷಟ್ಖಂಡಾಗಮಕ್ಕೆ ‘ಧವಲಾ’ ಎಂಬ ಬೃಹತ್ ಟೀಕೆ ಬರೆದ ವೀರಸೇನರು ಆಮೇಲೆ ‘ಜಯಧವಲಾ’ ಟೀಕೆಯನ್ನು ಆರಂಭಿಸಿದರು. 20,000 ಶ್ಲೋಕಪ್ರಮಾಣದಷ್ಟು ಬರೆಯುವ ಹೊತ್ತಿಗೆ ಅವರ ಆಯುಷ್ಯ ಮುಗಿಯಿತು. ಶಿಷ್ಯ ಜಿನಸೇನರು ಉಳಿದ 40,000 ಶ್ಲೋಕಪ್ರಮಾಣವನ್ನು ಬರೆದು 837ರಲ್ಲಿ ಅದನ್ನು ಪೂರೈಸಿದರು. ಬಳಿಕ ಜಿನಸೇನರು ಮಹಾಪುರಾಣಕ್ಕೆ ಕೈಹಾಕಿದರು. ಆದಿಪುರಾಣದ 47 ಪರ್ವಗಳಲ್ಲಿ 42ನ್ನು ಮುಗಿಸಿ ಮುಂದಿನದರ ಹೊಸ್ತಿಲಲ್ಲಿರುವಾಗ ಅವರೂ ತೀರಿಕೊಂಡರು. ಅವರ ಶಿಷ್ಯ ಗುಣಭದ್ರರು ಅದನ್ನು ಪೂರ್ಣಗೊಳಿಸಿ, ಉತ್ತರಪುರಾಣವನ್ನೂ ಬರೆದರು. ಗುರುವಿನ ಕೆಲಸವನ್ನು ಶಿಷ್ಯ ಮುಗಿಸಿದ. ಆ ಶಿಷ್ಯನ ಕೆಲಸವನ್ನು ಅವನ ಶಿಷ್ಯ ಮುಗಿಸಿದ. ಗುರುವಿಗೆ ಸಲ್ಲಿಸುವ ಕೃತಜ್ಞತೆಗೆ ಇದಕ್ಕಿಂತ ಶುದ್ಧವಾದ ರೂಪ ಯಾವುದಿದೆ? ಅನಂತರ ಆ ಟೀಕೆಗಳ ತಾಳೆಗರಿ ಪ್ರತಿಗಳು ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಎಣ್ಣೆ ಸವರಿ, ಹುಳು ತಿನ್ನದಂತೆ ಕಾಪಾಡಿದ ಎಷ್ಟೋ ಜನರ ಹೆಸರು ಎಲ್ಲಿಯೂ ಇಲ್ಲ.

ಮಾನ್ಯಖೇಟದ ಆಸ್ಥಾನದಲ್ಲಿಯೇ ಮೂರನೆಯ ಕೃಷ್ಣನ ಕಾಲಕ್ಕೆ ಕವಿ ಪೊನ್ನನಿದ್ದನು. ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸೋದರರು ತಮ್ಮ ಗುರು ಜಿನಚಂದ್ರದೇವರ ನೆನಪಿಗಾಗಿ ಅವನಿಂದ ಶಾಂತಿಪುರಾಣವನ್ನು ಬರೆಯಿಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ. ಪತಿ ನಾಗದೇವನು ತೀರಿಕೊಂಡಾಗ ಅವಳ ತಂಗಿಯೂ ಸವತಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಅಷ್ಟು ದೊಡ್ಡ ದುಃಖದ ನಂತರ ‘ನನಗೇನು ಉಳಿದಿದೆ’ ಎಂದು ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆಕೆ ತನ್ನ ಬಳಿ ಉಳಿದುದನ್ನು ನೋಡಿದಳು. ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು; ಲಕ್ಕುಂಡಿಯಲ್ಲಿ 1007ರ ಶಾಸನವುಳ್ಳ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ತಂದೆ ಗುರುವಿನ ಉಪಕಾರವನ್ನು ಒಂದು ಗ್ರಂಥವಾಗಿಸಿದರೆ, ಮಗಳು ಆ ಗ್ರಂಥವನ್ನು ಸಾವಿರವಾಗಿಸಿದಳು. ದಾನಚಿಂತಾಮಣಿ ಎಂಬ ಹೆಸರು ಅವಳಿಗೆ ಸುಮ್ಮನೆ ಬರಲಿಲ್ಲ.

ಬಾವಿಗೆ ಮರಳಿಸುವುದು

ದೊಡ್ಡವರ ಮಾತು ಹಾಗಿರಲಿ, ಸಾಮಾನ್ಯ ಗೃಹಸ್ಥರು ಏನು ಮಾಡಬಹುದು? ನಮ್ಮ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಒಂದು ಪದ್ಧತಿ ಇದಕ್ಕೆ ದಾರಿ ತೋರಿಸುತ್ತದೆ. ಜೈನ ಗೃಹಸ್ಥರು ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿಯೇ ಬಳಸುತ್ತಾರೆಂಬುದು ಎಲ್ಲರಿಗೂ ಗೊತ್ತು. ಆದರೆ ಸೋಸಿದ ಮೇಲೆ ನಡೆಯುವ ಇನ್ನೊಂದು ಕೆಲಸ ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಸೇದಿದ್ದರೋ ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತಾರೆ. ಬೇರೆ ಬಾವಿಗೆ ಹಾಕುವಂತಿಲ್ಲ, ಎತ್ತರದಿಂದ ಸುರಿಯುವಂತಿಲ್ಲ. ನನ್ನ ತಾಯಿ ಬೇಸಿಗೆಯ ಉರಿಬಿಸಿಲಿನಲ್ಲಿಯೂ ಇದನ್ನು ಬಿಟ್ಟವರಲ್ಲ. ನಮಗೆ ಬೇಕಾದಷ್ಟನ್ನು ಪಡೆದು, ನಮ್ಮದಲ್ಲದ್ದನ್ನು ಅದರ ಸ್ಥಾನಕ್ಕೆ ಜೋಪಾನವಾಗಿ ಮರಳಿಸುವುದು ಈ ಪದ್ಧತಿಯ ಒಳಗಿನ ಅರ್ಥ. ಈಗ ನಲ್ಲಿ ಬಂದಿದೆ, ಬಾವಿಗಳು ಮುಚ್ಚಿವೆ. ಅರ್ಥ ಮಾತ್ರ ಮುಚ್ಚಬಾರದು.

ನಡುವಯಸ್ಸಿನವರು ಈ ಅರ್ಥವನ್ನು ಮೂರು ಬಗೆಯಲ್ಲಿ ಆಚರಣೆಗೆ ತರಬಹುದು.

ಮೊದಲನೆಯದು, ಸಂಜೆಯ ಸಾಮಾಯಿಕ ಅಥವಾ ಪ್ರತಿಕ್ರಮಣದ ವೇಳೆಯಲ್ಲಿ ಒಂದು ಸ್ಮರಣೆ. ಇಂದು ಮಾಡಿದ ದೋಷಗಳನ್ನು ನೆನೆಯುವ ಅಭ್ಯಾಸ ನಮಗಿದೆ. ಅದರ ಜೊತೆಯಲ್ಲಿ ಇಂದು ಪಡೆದ ಉಪಕಾರಗಳಲ್ಲಿ ಮೂರನ್ನಾದರೂ ಹೆಸರು ಹಿಡಿದು ನೆನೆಯಬೇಕು. ಬಸ್ಸಿನಲ್ಲಿ ಎದ್ದು ಜಾಗ ಕೊಟ್ಟ ಹುಡುಗ, ಚರಂಡಿ ತೆಗೆದ ಪೌರಕಾರ್ಮಿಕ, ಔಷಧಿಯ ಹೊತ್ತನ್ನು ನೆನಪಿಸಿದ ಸೊಸೆ. ಆದರೆ ಆ ಸ್ಮರಣೆಯ ಕೊನೆಗೆ ‘ಇನ್ನಷ್ಟು ದೊರೆಯಲಿ’ ಎಂದು ಸೇರಿಸಬಾರದು. ಧರ್ಮದ ಫಲವಾಗಿ ಭೋಗವನ್ನು ಬಯಸುವುದು ನಿದಾನವೆಂಬ ಶಲ್ಯ. ಅದು ಮುಳ್ಳಿನಂತೆ ಒಳಗೇ ಉಳಿದು ನೋಯಿಸುತ್ತದೆ.

ಎರಡನೆಯದು, ಸಾಕೆನ್ನುವ ವ್ರತ. ಪರಿಗ್ರಹ ಪರಿಮಾಣವೆಂದರೆ ನನಗಿಷ್ಟು ಸಾಕೆಂದು ಗೆರೆ ಎಳೆದುಕೊಳ್ಳುವುದು. ಸಾಕೆಂಬ ಮಾತು ಬಾಯಿಂದ ಬಾರದವನಿಗೆ ಪಡೆದುದರ ಅರಿವು ಆಗಿಲ್ಲವೆಂದೇ ಅರ್ಥ. ಗೆರೆಯಾಚೆಗೆ ಉಳಿದುದು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಿಗೆ ಹೋಗಲಿ. 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದವನ್ನು ಮೇಲೆತ್ತಲು ಗುರುತಿಸಿದ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ರಾಯಚೂರಿನ ಜೊತೆಗೆ ನಮ್ಮ ಯಾದಗಿರಿಯೂ ಇದೆ. ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಮುಂಬೈಗಳಿಗೆ ಗುಳೆ ಹೋಗುವ ಕುಟುಂಬಗಳನ್ನು ನಾವು ನಿಲ್ದಾಣದಲ್ಲಿ ಕಾಣುತ್ತೇವೆ. ಅವರ ಮಕ್ಕಳು ಅಜ್ಜಿಯ ಬಳಿ ಉಳಿದು ಶಾಲೆಗೆ ಬರುವಂತಾಗಲು ಒಂದು ಹೊತ್ತಿನ ಊಟ, ಒಂದಿಷ್ಟು ಪುಸ್ತಕ, ಸಂಜೆ ಒಂದು ಗಂಟೆಯ ಪಾಠ ಸಾಕಾಗಬಹುದು. ಶಾಸ್ತ್ರದಾನವೆಂದರೆ ಗ್ರಂಥ ಹಂಚುವುದಷ್ಟೇ ಅಲ್ಲ, ಅಕ್ಷರ ಹಂಚುವುದೂ ಹೌದು.

ಮೂರನೆಯದು, ಮನೆಯೊಳಗಿನ ಹಿರಿಯರು. ನಡುವಯಸ್ಸಿನ ಕೃತಜ್ಞತೆಗೆ ನಿಜವಾದ ಪರೀಕ್ಷೆ ಇಲ್ಲಿ. ಒಂದೇ ಮಾತನ್ನು ಹತ್ತು ಸಲ ಕೇಳುವ ತಂದೆ, ಕಿವಿ ಮಂದವಾದ ತಾಯಿ, ರಾತ್ರಿಯೆಲ್ಲ ಕೆಮ್ಮುವ ಅತ್ತೆ. ಇವರ ಮುಂದೆ ನಮ್ಮ ದನಿ ಏರುವುದು ಸುಲಭ. ‘ಉಂಡ ಮನೆಯ ಜಂತಿ ಎಣಿಸಬಾರದು’ ಎಂಬುದು ನಮ್ಮ ಹಿರಿಯರ ಗಾದೆ. ಉಣಿಸಿದ ಕೈ ಈಗ ನಡುಗುತ್ತಿದೆಯೆಂದು ಆ ಕೈಯ ದೋಷಗಳನ್ನು ಎಣಿಸುವುದು ಜಂತಿ ಎಣಿಸಿದಂತೆಯೇ. ಅವರಿಗೆ ಸಲ್ಲಬೇಕಾದ ಋಣವನ್ನು ಮುಂದೆ ಶ್ರದ್ಧಾಂಜಲಿಯ ಜಾಹೀರಾತಿನಿಂದ ತೀರಿಸಲಾಗದು. ಅವರ ಮಂಚದ ಬಳಿ ಕುಳಿತು, ಹತ್ತನೆಯ ಸಲವೂ ಮೊದಲ ಸಲದಂತೆಯೇ ಉತ್ತರಿಸುವುದರಲ್ಲಿ ಅದು ತೀರುತ್ತದೆ.

ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಕ್ಷಮಾವಾಣಿಯನ್ನು ಆಚರಿಸುತ್ತೇವೆ. ಪರಿಚಿತರ ಮನೆಮನೆಗೆ ಹೋಗಿ, ದೂರದವರಿಗೆ ಪತ್ರ ಬರೆದು, ಈಗ ಫೋನಿನಲ್ಲಿ ಸಂದೇಶ ಕಳಿಸಿ, ಅರಿತೋ ಅರಿಯದೆಯೋ ಆದ ತಪ್ಪಿಗೆ ಕ್ಷಮೆ ಬೇಡುತ್ತೇವೆ. ಅದೇ ಬಾಗಿಲಲ್ಲಿ ಇನ್ನೊಂದು ಮಾತನ್ನೂ ಸೇರಿಸಿ ನೋಡಿ: ನಿಮ್ಮಿಂದ ನನಗೆ ಇಂಥ ಉಪಕಾರವಾಗಿತ್ತು, ಅದು ನನಗೆ ನೆನಪಿದೆ. ಕ್ಷಮೆ ಬೇಡಿದಾಗ ಮನಸ್ಸಿನ ಕೊಳೆ ಹೋಗುತ್ತದೆ. ಉಪಕಾರ ಹೇಳಿದಾಗ ಅಲ್ಲಿ ಬೀಜ ಬೀಳುತ್ತದೆ. ನಿಮ್ಮನ್ನು ಅಕ್ಷರಕ್ಕೆ ಹಚ್ಚಿದ ಶಿಕ್ಷಕರು, ಮೊದಲ ಕೆಲಸ ಕೊಡಿಸಿದ ಹಿರಿಯರು, ಬರಗಾಲದಲ್ಲಿ ಕಾಳು ಕೊಟ್ಟ ನೆರೆಮನೆಯವರು, ಇವರಲ್ಲಿ ಯಾರಾದರೂ ಇನ್ನೂ ಇದ್ದರೆ, ಪರ್ವಕ್ಕಾಗಿ ಕಾಯಬೇಡಿ. ಇದೇ ವಾರ ಹೋಗಿ ಬನ್ನಿ. ಅವರಿಗೂ ವಯಸ್ಸಾಗುತ್ತಿದೆ, ನಮಗೂ ಆಗುತ್ತಿದೆ.